ರಿಫೈನರಿಯೊಳಗೆ ಜನ ಇರುತ್ತಾರೆ

ಪಶ್ಚಿಮ ಏಷ್ಯಾದಲ್ಲಿ ಎಲ್ಲಿಯಾದರೂ ಒಂದು ತೈಲಾಗಾರಕ್ಕೆ ಬಾಂಬು ಬಿತ್ತೆಂದರೆ ನಮ್ಮ ಕನ್ನಡ ಟಿವಿಗಳಲ್ಲಿ ಎರಡೇ ಸಂಗತಿ ಬರುತ್ತವೆ. ಒಂದು, ಕಪ್ಪು ಹೊಗೆಯ ದೃಶ್ಯ. ಅದನ್ನೇ ಹತ್ತು ಸಲ ತಿರುಗಿಸಿ ತೋರಿಸುತ್ತಾರೆ, ಹಿಂದಿನಿಂದ ಸಿನಿಮಾ ಸಂಗೀತ. ಇನ್ನೊಂದು, ಪೆಟ್ರೋಲ್ ರೇಟು ಎಷ್ಟು ಏರಬಹುದೆಂಬ ಲೆಕ್ಕ. ಶತ್ರುವಿನ ಆರ್ಥಿಕ ನರ ಕತ್ತರಿಸಿತು, ಬೆನ್ನುಮೂಳೆ ಮುರಿಯಿತು ಎಂದು ಆಂಕರ್ ಕೂಗುತ್ತಾರೆ. ನರ, ಬೆನ್ನುಮೂಳೆ ಎಲ್ಲವೂ ಕಬ್ಬಿಣದ ಟ್ಯಾಂಕಿಗೇ ಸಲ್ಲುತ್ತವೆ. ಆ ಟ್ಯಾಂಕಿನ ಬುಡದಲ್ಲಿ ಆ ಹೊತ್ತಿಗೆ ಪಾಳಿಯಲ್ಲಿದ್ದವರ ನರ, ಬೆನ್ನುಮೂಳೆಯ ಬಗ್ಗೆ ಯಾರೂ ಕೇಳುವುದಿಲ್ಲ.

ಈ ಬರಹ ಆ ಮೌನದ ವಿರುದ್ಧ. ತೈಲಾಗಾರದ ಮೇಲಿನ ದಾಳಿ ಎಂದರೆ ಜನವಸತಿಯ ಮೇಲಿನ ದಾಳಿಯೇ, ಅದನ್ನು ಬೇರೆ ಹೆಸರಿನಿಂದ ಕರೆಯುವುದು ನಾವು ಒಪ್ಪಿಕೊಂಡು ಬಂದಿರುವ ಒಂದು ಸುಳ್ಳು ಎಂದು ನನ್ನ ವಾದ. ಈ ಸುಳ್ಳನ್ನು ಲೋಕದಲ್ಲಿ ಯಾರು ಬೇಕಾದರೂ ನಂಬಲಿ, ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರು ನಂಬುವ ಹಾಗಿಲ್ಲ.

ಯಾಕೆಂದರೆ ಆ ಪಾಳಿಯಲ್ಲಿ ನಮ್ಮವರಿದ್ದಾರೆ. ಶಿರೂರು, ಗಂಗೊಳ್ಳಿ, ಕಂಡ್ಲೂರು, ಬ್ರಹ್ಮಾವರ, ಹಂಗಾರಕಟ್ಟೆ, ಯಾವ ಊರಿಗೆ ಹೋದರೂ ಗಲ್ಫ್ ಕಾಣದ ಕೇರಿ ಸಿಗುವುದು ಕಷ್ಟ. ಗಲ್ಫ್ ಎಂದ ಕೂಡಲೇ ನಾವು ಅಂಗಡಿ, ಹೋಟೆಲು, ಆಫೀಸು ಎಂದುಕೊಳ್ಳುತ್ತೇವೆ. ಕರಾವಳಿಯ ಗಲ್ಫ್ ವಲಸೆಯ ಬಗ್ಗೆ ಸಂಶೋಧನೆ ಮಾಡುತ್ತ ಈ ಮನೆಗಳಲ್ಲಿ ಕುಳಿತು ಮಾತಾಡಿಸುವಾಗ ನನಗೆ ಹೆಚ್ಚು ಕೇಳಿಬರುವ ಶಬ್ದ ಬೇರೆಯೇ: 'ಶಟ್‌ಡೌನ್'. ರಿಫೈನರಿಗಳನ್ನು ಕೆಲವು ವರ್ಷಗಳಿಗೊಮ್ಮೆ ನಿಲ್ಲಿಸಿ ಪೂರ್ತಿ ದುರಸ್ತಿ ಮಾಡುವ ಕೆಲಸಕ್ಕೆ ಆ ಹೆಸರು. ಆಗ ಕಾಯಂ ಸಿಬ್ಬಂದಿಯ ಹಲವು ಪಟ್ಟು ಗುತ್ತಿಗೆ ಕೆಲಸಗಾರರು ಒಂದೇ ಬೇಲಿಯೊಳಗೆ ಸೇರುತ್ತಾರೆ. ವೆಲ್ಡರ್, ಪೈಪ್ ಫಿಟ್ಟರ್, ಸ್ಕಾಫೋಲ್ಡಿಂಗ್ ಕಟ್ಟುವವರು, ರಿಗ್ಗರ್, ಬೆಂಕಿ ಕಾಯುವ ಹೆಲ್ಪರ್. ಎರಡು ಮೂರು ತಿಂಗಳ ಕೆಲಸ, ಆಮೇಲೆ ಇನ್ನೊಂದು ದೇಶದ ಇನ್ನೊಂದು ರಿಫೈನರಿ. ಅವರ ಹೆಸರು ಕಂಪನಿಯ ಪುಸ್ತಕದಲ್ಲಿರುವುದಿಲ್ಲ, ಗುತ್ತಿಗೆದಾರನ ಕೆಳಗಿನ ಉಪಗುತ್ತಿಗೆದಾರನ ಹಾಳೆಯಲ್ಲಿರುತ್ತದೆ. ಬಾಂಬು ಬಿದ್ದ ರಾತ್ರಿ 'ನಮ್ಮ ಸಿಬ್ಬಂದಿಗೆ ಅಪಾಯವಿಲ್ಲ' ಎಂದು ಒಂದು ಕಂಪನಿ ಹೇಳಿದರೆ ಆ 'ನಮ್ಮ' ಎಂಬ ಶಬ್ದದೊಳಗೆ ಇವರು ಸೇರಿದ್ದಾರೋ ಇಲ್ಲವೋ ಊರಿನಲ್ಲಿರುವವರಿಗೆ ತಿಳಿಯುವ ದಾರಿಯಿಲ್ಲ. ಅಕ್ಕಪಕ್ಕದ ಮನೆಯವರು ಬಂದು, 'ಅಲ್ಲ್ ಎಂತದೋ ಬಿತ್ತಂಬ್ರ್, ಮಾಣಿ ಫೋನ್ ಮಾಡಿದ್ನಾ?' ಎಂದು ಕೇಳುತ್ತಾರೆ. ಯುದ್ಧದ ಸುದ್ದಿ ನಮ್ಮಲ್ಲಿಗೆ ಬರುವುದು ಆ ಪ್ರಶ್ನೆಯ ರೂಪದಲ್ಲಿ.

2022ರ ಜನವರಿ 17ರಂದು ಅಬುಧಾಬಿಯ ಮುಸಫ್ಫಾದಲ್ಲಿ, ಅಲ್ಲಿನ ಸರ್ಕಾರಿ ತೈಲ ಕಂಪನಿಯ ಸಂಗ್ರಹಾಗಾರದ ಬಳಿ, ಯೆಮೆನ್‌ನ ಹೌತಿಗಳ ದಾಳಿಗೆ ಮೂರು ಇಂಧನ ಟ್ಯಾಂಕರುಗಳು ಸ್ಫೋಟಿಸಿದವು. ಸತ್ತವರು ಮೂವರು, ಗಾಯಗೊಂಡವರು ಆರು ಮಂದಿ. ಸತ್ತ ಮೂವರಲ್ಲಿ ಇಬ್ಬರು ಭಾರತೀಯರು, ಒಬ್ಬ ಪಾಕಿಸ್ತಾನಿ. ಯುದ್ಧ ನಡೆಯುತ್ತಿದ್ದುದು ಯಾರ ನಡುವೆ? ಸೌದಿ-ಎಮಿರೇಟ್ಸ್ ಕೂಟಕ್ಕೂ ಹೌತಿಗಳಿಗೂ. ಸತ್ತವರಲ್ಲಿ ಎಮಿರಾತಿಯೂ ಇಲ್ಲ, ಯೆಮೆನಿಯೂ ಇಲ್ಲ. ಆ ಇಬ್ಬರು ಭಾರತೀಯರು ಪಂಜಾಬಿನವರು. ಅವರ ಜಾಗದಲ್ಲಿ ಬೈಂದೂರಿನವನೊಬ್ಬ ಇಲ್ಲದಿದ್ದುದು ಡ್ಯೂಟಿ ಹಂಚಿಕೆಯ ಹಾಳೆಯಲ್ಲಿನ ಒಂದು ಆಕಸ್ಮಿಕ, ಅಷ್ಟೇ. ಅವತ್ತು ಕೂಡ ನಮ್ಮಲ್ಲಿ ಹೆಚ್ಚು ಚರ್ಚೆಯಾದದ್ದು ಡ್ರೋನುಗಳ ತಂತ್ರಜ್ಞಾನದ ಬಗ್ಗೆ.

ಇದೇನೂ ಹೊಸ ಸಂಬಂಧವಲ್ಲ. ನೂರು ವರ್ಷಗಳ ಹಿಂದೆ ಇರಾನಿನ ಅಬಾದಾನ್ ರಿಫೈನರಿಯನ್ನು ಬ್ರಿಟಿಷ್ ಕಂಪನಿ ನಡೆಸುತ್ತಿದ್ದಾಗ ಅಲ್ಲಿಗೆ ಭಾರತದಿಂದ ಕೆಲಸಗಾರರನ್ನು ಒಯ್ದಿದ್ದರು. 1920ರಲ್ಲಿ ಮತ್ತು 1922ರಲ್ಲಿ ಅಲ್ಲಿ ಮುಷ್ಕರ ಹೂಡಿದವರು ಭಾರತೀಯರು. ಅದೇ ಅಬಾದಾನ್ ಮೇಲೆ 1980ರಲ್ಲಿ ಇರಾಕಿನ ಫಿರಂಗಿಗಳು ಗುಂಡು ಸುರಿಸಿದವು. ಲೋಕದ ಅತಿ ದೊಡ್ಡ ರಿಫೈನರಿಗಳಲ್ಲಿ ಒಂದಾಗಿದ್ದ ಅದು ಸುಟ್ಟುಹೋಯಿತು. ಅದರ ಸುತ್ತ ಬೆಳೆದಿದ್ದ ಊರು ಖಾಲಿಯಾಯಿತು. ರಿಫೈನರಿ ಒಂಟಿಯಾಗಿ ನಿಲ್ಲುವ ಕಟ್ಟಡವಲ್ಲ. ಅದು ಇರುವಲ್ಲಿ ಕ್ವಾರ್ಟರ್ಸ್, ಲೇಬರ್ ಕ್ಯಾಂಪ್, ಶಾಲೆ, ಸಂತೆ ಹುಟ್ಟುತ್ತವೆ. ಒಂದಕ್ಕೆ ಗುರಿಯಿಟ್ಟು ಇನ್ನೊಂದನ್ನು ಉಳಿಸುವ ಗುರಿಕಾರ ಇನ್ನೂ ಹುಟ್ಟಿಲ್ಲ.

ಕುವೈತ್ ನೆನಪು ನಮ್ಮ ಕಡೆ ಇನ್ನೂ ಹಸಿಯಾಗಿದೆ. 1990ರ ಆಗಸ್ಟ್ 2ರಂದು ಸದ್ದಾಂ ಸೇನೆ ಒಳನುಗ್ಗಿದಾಗ ಕುವೈತ್ ಮತ್ತು ಇರಾಕಿನಿಂದ ಸುಮಾರು 1.7 ಲಕ್ಷ ಭಾರತೀಯರು ಮರಳಬೇಕಾಯಿತು. ಬಸ್ಸಿನಲ್ಲಿ ಬಾಗ್ದಾದ್ ದಾಟಿ, ಮರುಭೂಮಿಯ ಶಿಬಿರಗಳಲ್ಲಿ ದಿನಗಟ್ಟಲೆ ಕಾದು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಹತ್ತಿ ಬಂದವರ ಕಥೆ ಬ್ರಹ್ಮಾವರದ ಎಷ್ಟೋ ಮನೆಗಳಲ್ಲಿದೆ. ಆ ಸಾಹಸವನ್ನು ಸಿನಿಮಾ ಮಾಡಿ ನೋಡಿ ಹೆಮ್ಮೆಪಟ್ಟಿದ್ದೇವೆ. ಆಮೇಲೆ ಆದದ್ದರ ಮಾತು ಕಡಿಮೆ. ಹಿಮ್ಮೆಟ್ಟುವ ಇರಾಕಿ ಸೇನೆ ಆರುನೂರಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿಯಿಟ್ಟಿತು. ಹಾಡುಹಗಲು ಕತ್ತಲಾಯಿತು, ಮಸಿ ಬೆರೆತ ಮಳೆ ಸುರಿಯಿತು, ಕೊನೆಯ ಬಾವಿ ಆರಿದ್ದು 1991ರ ನವೆಂಬರ್ 6ಕ್ಕೆ. ಆ ಹೊಗೆಯ ಅಡಿಯಲ್ಲಿ ಊರು ಕಟ್ಟಲು, ಎಣ್ಣೆ ಬಳಿಯಲು, ರಿಫೈನರಿ ರಿಪೇರಿ ಮಾಡಲು ಮತ್ತೆ ಕರೆತಂದದ್ದು ಏಷ್ಯಾದ ಬಡದೇಶಗಳ ಕೆಲಸಗಾರರನ್ನೇ. ಯುದ್ಧದಲ್ಲಿ ಸತ್ತವರ ಲೆಕ್ಕಕ್ಕೆ ಒಂದು ದಿನಾಂಕ ಇರುತ್ತದೆ. ಹೊಗೆ ಕುಡಿದು ಹತ್ತು ವರ್ಷ ಬಿಟ್ಟು ಕೆಮ್ಮುತ್ತ ಊರಿಗೆ ಬಂದವರ ಲೆಕ್ಕ ಯಾವ ಸೇನೆಯೂ ಬರೆಯುವುದಿಲ್ಲ.

ಎಣ್ಣೆಯ ಬೆಂಕಿ ಉಳಿದ ಬೆಂಕಿಯಂತಲ್ಲ. ಕಚ್ಚಾ ತೈಲದ ಟ್ಯಾಂಕು ಉರಿಯುವಾಗ ಬಿಸಿ ನಿಧಾನವಾಗಿ ಕೆಳಗಿಳಿಯುತ್ತದೆ. ತಳದಲ್ಲಿ ನಿಂತ ನೀರಿಗೆ ಅದು ಮುಟ್ಟಿದ ಕ್ಷಣ ನೀರು ಒಮ್ಮೆಲೇ ಆವಿಯಾಗಿ, ಮೇಲಿರುವ ಉರಿಯುವ ಎಣ್ಣೆಯನ್ನೆಲ್ಲ ಹೊರಗೆ ಉಗಿಯುತ್ತದೆ. ಬೆಂಕಿ ಹತ್ತಿ ಗಂಟೆಗಳಾದ ಮೇಲೆ, ಆರಿಸಲು ಬಂದವರು ಹತ್ತಿರ ನಿಂತಿರುವಾಗಲೇ ಇದಾಗುವುದು. ಎಲ್‌ಪಿಜಿ ಗೋಳಗಳಿಗೆ ಬಿಸಿ ತಗುಲಿದರೆ ಅವು ಬಾಂಬಿಗಿಂತ ದೊಡ್ಡ ಬಾಂಬು. ಗಂಧಕ ತೆಗೆಯುವ ಘಟಕ ಒಡೆದರೆ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ, ಹೆಚ್ಚು ಪ್ರಮಾಣದಲ್ಲಿದ್ದರೆ ಅದು ಮೊದಲು ಮೂಗಿನ ವಾಸನಾಶಕ್ತಿಯನ್ನೇ ಕೊಲ್ಲುತ್ತದೆ. ಯುದ್ಧವೇ ಇಲ್ಲದೆ ಇದನ್ನು ನಾವು ಕಂಡಿದ್ದೇವೆ. 1997ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದ ರಿಫೈನರಿಯಲ್ಲಿ ಅನಿಲ ಸೋರಿ ಸುಮಾರು 60 ಜನ ಸತ್ತರು. 2009ರ ಅಕ್ಟೋಬರಿನಲ್ಲಿ ಜೈಪುರದ ಸೀತಾಪುರ ಡಿಪೋಗೆ ಬೆಂಕಿ ಬಿದ್ದಾಗ ಹತ್ತಕ್ಕೂ ಹೆಚ್ಚು ಜನ ಸತ್ತರು, ಬೆಂಕಿ ತಾನಾಗಿ ಉರಿದು ಮುಗಿಯಲಿ ಎಂದು ಬಿಡುವುದಲ್ಲದೆ ಬೇರೆ ದಾರಿ ಇರಲಿಲ್ಲ. ಒಂದು ವಾಲ್ವ್ ತಪ್ಪಿದ್ದಕ್ಕೆ ಇಷ್ಟಾಗುವುದಾದರೆ ಬೇಕೆಂದೇ ಕ್ಷಿಪಣಿ ಬಿಟ್ಟರೆ ಏನಾದೀತು ಎಂಬುದಕ್ಕೆ ವಿಜ್ಞಾನಿ ಬೇಕಿಲ್ಲ.

ಈಗಿನ ಶಸ್ತ್ರಗಳು ನಿಖರ, ಟ್ಯಾಂಕಿಗೆ ಇಟ್ಟ ಗುರಿ ಟ್ಯಾಂಕಿಗೇ ತಗುಲುತ್ತದೆ ಎಂದು ಸ್ಟುಡಿಯೋದಲ್ಲಿ ಕೂತ ನಿವೃತ್ತ ಅಧಿಕಾರಿಗಳು ಹೇಳುತ್ತಾರೆ. ಇರಬಹುದು. ಗಾಳಿಗೆ ಆ ನಿಖರತೆ ಇಲ್ಲವಲ್ಲ. 2025ರ ಜೂನ್ 14ರ ರಾತ್ರಿ ಇಸ್ರೇಲ್ ತೆಹರಾನಿನ ಶಹ್ರಾನ್ ತೈಲ ಡಿಪೋಗೆ ಹೊಡೆಯಿತು. ಡಿಪೋ ಇದ್ದದ್ದು ರಾಜಧಾನಿಯ ಅಂಚಿನಲ್ಲಿ, ಜನ ಮಲಗಿದ್ದ ಮನೆಗಳ ಹತ್ತಿರ. ಮರುದಿನ ರಾತ್ರಿ ಇರಾನಿನ ಕ್ಷಿಪಣಿ ಹೈಫಾ ರಿಫೈನರಿಗೆ ಬಿತ್ತು, ಅಲ್ಲಿನ ಮೂವರು ನೌಕರರು ಸತ್ತರು. ಎರಡೂ ಕಡೆಯ ವಕ್ತಾರರು ಬಳಸಿದ ಶಬ್ದಗಳನ್ನು ಅದಲು ಬದಲು ಮಾಡಿದರೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಮ್ಮ ಸಾಮಾಜಿಕ ಜಾಲತಾಣಗಳಲ್ಲಿ ಮಾತ್ರ ಒಂದು ಬೆಂಕಿಗೆ ಚಪ್ಪಾಳೆ, ಇನ್ನೊಂದಕ್ಕೆ ಶೋಕ. ಯಾರ ಪಕ್ಷ ಎಂದು ಗೊತ್ತಾದ ಮೇಲೆಯೇ ಸುಟ್ಟವನಿಗೆ ಮರುಗಬೇಕೋ ಬೇಡವೋ ಎಂದು ತೀರ್ಮಾನಿಸುವ ಸ್ಥಿತಿಗೆ ನಾವು ಬಂದಿದ್ದೇವೆ. ರಷ್ಯಾ 2022ರ ಏಪ್ರಿಲ್‌ನಲ್ಲಿ ಯುಕ್ರೇನಿನ ಕ್ರೆಮೆಂಚುಕ್ ರಿಫೈನರಿಯನ್ನು ಹೊಡೆದದ್ದೂ, ಆಮೇಲೆ ಯುಕ್ರೇನಿನ ಡ್ರೋನುಗಳು ರಷ್ಯಾದ ರಿಫೈನರಿಗಳನ್ನು ಹೊಡೆದದ್ದೂ ಇದೇ ಲೆಕ್ಕಕ್ಕೆ ಸೇರಬೇಕು.

ಈಗ ಎದುರು ವಾದಗಳನ್ನು ನೋಡೋಣ. ಮೊದಲನೆಯದು: ಸೇನೆಯ ಟ್ಯಾಂಕು, ವಿಮಾನ ಓಡುವುದು ಅದೇ ಎಣ್ಣೆಯಲ್ಲಿ, ಆದ್ದರಿಂದ ರಿಫೈನರಿ ನ್ಯಾಯವಾದ ಗುರಿ. ಸರಿ. ಸೈನಿಕನೂ ಗಂಜಿ ಉಣ್ಣುತ್ತಾನೆ. ಹಾಗೆಂದು ಬ್ರಹ್ಮಾವರದ ಅಕ್ಕಿ ಮಿಲ್ಲುಗಳಿಗೆ ಬಾಂಬು ಹಾಕಬಹುದೇ? ಹಾಕಬಾರದು ಎಂದು ಲೋಕ ಒಪ್ಪಿದೆ. ಅನ್ನ, ಬೆಳೆ, ಕುಡಿಯುವ ನೀರಿನ ವ್ಯವಸ್ಥೆಗಳನ್ನು ಜನರಿಗೆ ಸಿಗದಂತೆ ನಾಶಮಾಡುವುದನ್ನು 1977ರ ಜಿನೀವಾ ಹೆಚ್ಚುವರಿ ಪ್ರೋಟೋಕಾಲ್ ನಿಷೇಧಿಸುತ್ತದೆ. ಇವತ್ತಿನ ಊರಿಗೆ ಡೀಸೆಲ್ ಎಂದರೆ ಅದೇ. ನೀರಿನ ಪಂಪು, ಆಸ್ಪತ್ರೆಯ ಜನರೇಟರ್, ಆಂಬುಲೆನ್ಸ್, ಗಂಗೊಳ್ಳಿಯ ಬೋಟು ಎಲ್ಲದಕ್ಕೂ ಅದೇ ಬೇಕು. 1991ರಲ್ಲಿ ಬಾಗ್ದಾದಿನ ದೌರಾ ರಿಫೈನರಿಯನ್ನೂ ಇರಾಕಿನ ವಿದ್ಯುತ್ ಸ್ಥಾವರಗಳನ್ನೂ ಹೊಡೆದಾಗ ನೀರು ಶುದ್ಧೀಕರಣ ನಿಂತಿತು, ಚರಂಡಿ ನೀರು ನದಿಗೆ ಹರಿಯಿತು, ಅದನ್ನು ಕುಡಿದ ಮಕ್ಕಳು ಭೇದಿಯಿಂದ ಸತ್ತರು. ಆ ಮಕ್ಕಳನ್ನು ಕೊಂದದ್ದು ಬಾಂಬು ಎಂದು ಯಾವ ಮರಣಪತ್ರವೂ ಹೇಳುವುದಿಲ್ಲ.

ಎರಡನೆಯ ವಾದ ಇನ್ನೂ ಗಟ್ಟಿಯಾದದ್ದು: ಎಣ್ಣೆ ನಿಂತರೆ ಯುದ್ಧ ಬೇಗ ಮುಗಿಯುತ್ತದೆ, ಒಟ್ಟಿನಲ್ಲಿ ಜೀವ ಉಳಿಯುತ್ತದೆ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 1944ರ ಜರ್ಮನಿ. ಆ ಉದಾಹರಣೆಯಲ್ಲಿ ಸತ್ಯವಿದೆ. ಕೃತಕ ತೈಲ ಕಾರ್ಖಾನೆಗಳ ಮೇಲಿನ ದಾಳಿ ಹಿಟ್ಲರನ ವಾಯುಪಡೆಯನ್ನು ನೆಲಕ್ಕಿಳಿಸಿದ್ದು ಹೌದು. ಅದರ ಬೆಲೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಲಾಯ್ನಾ ಎಂಬ ಒಂದೇ ಕಾರ್ಖಾನೆಗೆ 22 ದಾಳಿ, ಆರು ಸಾವಿರಕ್ಕೂ ಹೆಚ್ಚು ಬಾಂಬರ್ ಹಾರಾಟ ಬೇಕಾಯಿತು. ನಿಖರ ಗುರಿಗಳಿಗೆಂದು ಹಾಕಿದ ಬಾಂಬುಗಳಲ್ಲಿ ಗುರಿಯ ಸಾವಿರ ಅಡಿಯೊಳಗೆ ಬಿದ್ದದ್ದು ಸುಮಾರು ಶೇ. 20 ಮಾತ್ರ ಎಂದು ಯುದ್ಧದ ನಂತರ ಅಮೆರಿಕದ ಸರ್ಕಾರಿ ಸಮೀಕ್ಷೆಯೇ ಹೇಳಿತು. ಉಳಿದ ಶೇ. 80 ಬಿದ್ದಲ್ಲಿ ಏನಿತ್ತು? ಕಾರ್ಖಾನೆಗಳನ್ನು ಮತ್ತೆ ಮತ್ತೆ ಕಟ್ಟಲು ನಾಜಿಗಳು ಲಕ್ಷಗಟ್ಟಲೆ ಜನರನ್ನು ಅಟ್ಟಿದರು. ಅವರಲ್ಲಿ ಬಲವಂತದ ಕೂಲಿಗಳೂ ಸೆರೆಶಿಬಿರಗಳ ಕೈದಿಗಳೂ ಇದ್ದರು. ಹಿಟ್ಲರನಿಂದ ಬಿಡುಗಡೆಯಾಗಬೇಕಾದವರೇ ಅವರು, ಮುಂದಿನ ಬಾಂಬಿನ ಅಡಿಗೆ ನಿಂತವರೂ ಅವರೇ. ಇನ್ನು 1943ರ ಆಗಸ್ಟ್ 1ರಂದು ರೊಮೇನಿಯಾದ ಪ್ಲೊಯೆಷ್ಟಿ ರಿಫೈನರಿಗಳ ಮೇಲಿನ ಪ್ರಸಿದ್ಧ ದಾಳಿಯಲ್ಲಿ 300ಕ್ಕೂ ಹೆಚ್ಚು ಅಮೆರಿಕನ್ ವೈಮಾನಿಕರು ಸತ್ತರು, ಒಂದು ವಿಮಾನ ಮಹಿಳೆಯರ ಸೆರೆಮನೆಯ ಮೇಲೆ ಬಿದ್ದು ಒಳಗಿದ್ದವರು ಸುಟ್ಟುಹೋದರು. ರಿಫೈನರಿಗಳು ಕೆಲವೇ ವಾರಗಳಲ್ಲಿ ಮತ್ತೆ ಓಡಿದವು.

ಒಂದು ಇಡೀ ಜನಾಂಗವನ್ನು ಅಳಿಸಲು ಹೊರಟಿದ್ದ ಆಡಳಿತದ ವಿರುದ್ಧ, ಆರು ವರ್ಷದ ಮಹಾಯುದ್ಧದ ಕೊನೆಯಲ್ಲಿ ಮಾಡಿದ ಒಂದು ಆಯ್ಕೆಯನ್ನು ಹಿಡಿದುಕೊಂಡು ಇವತ್ತಿನ ಹನ್ನೆರಡು ದಿನದ, ನಾಲ್ಕು ದಿನದ ಯುದ್ಧಗಳಿಗೆ ಪರವಾನಗಿ ಬರೆಯುವುದು ಮೋಸ. ನಾಲ್ಕು ದಿನದ ಯುದ್ಧದಲ್ಲಿ ರಿಫೈನರಿ ಹೊಡೆದರೆ ಎದುರಿನ ಸೇನೆಯ ಟ್ಯಾಂಕು ನಿಲ್ಲುವುದಿಲ್ಲ, ಅದರ ಬಳಿ ಬೇಕಾದಷ್ಟು ದಾಸ್ತಾನು ಇರುತ್ತದೆ. ಮೊದಲು ಒಣಗುವುದು ಊರಿನ ಪೆಟ್ರೋಲ್ ಬಂಕು.

ಮೂರನೆಯ ವಾದ ನಮ್ಮ ಮನೆಯದೇ: ಅವರು ಮಾಡಿದರೆ ತಪ್ಪು, ನಾವು ಮಾಡಿದರೆ ಶೌರ್ಯ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡೆನ್ ಹಡಗು ಮದ್ರಾಸಿನ ಬರ್ಮಾ ಆಯಿಲ್ ಟ್ಯಾಂಕುಗಳಿಗೆ ಗುಂಡು ಹಾರಿಸಿದಾಗ ಊರಿಗೆ ಊರೇ ಗುಳೆ ಹೊರಟಿತು. ಆ ಹಡಗಿನ ಹೆಸರು ತಮಿಳಿನಲ್ಲಿ ಗಟ್ಟಿಗ ಕಿಲಾಡಿಗೆ ಅಡ್ಡಹೆಸರಾಗಿ ಉಳಿಯಿತು. ಮದ್ರಾಸಿನವರ ಆ ಭಯ ನಮಗೆ ಅರ್ಥವಾಗುತ್ತದೆ. ಅದೇ ನಾವು 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನಡೆಸಿದ ದಾಳಿಯ ನೆನಪಿಗೆ ಪ್ರತಿವರ್ಷ ನೌಕಾಪಡೆ ದಿನ ಆಚರಿಸುತ್ತೇವೆ. ನಾವಿಕರ ಧೈರ್ಯದ ಬಗ್ಗೆ ನನಗೆ ತಕರಾರಿಲ್ಲ, ಅವರು ಯುದ್ಧನೌಕೆಗಳನ್ನು ಎದುರಿಸಿ ಗೆದ್ದವರು. ಆದರೆ ಆ ವಾರದಲ್ಲಿ ಕೆಮಾರಿಯ ತೈಲ ಟ್ಯಾಂಕುಗಳು ಉರಿದವು, ಬೇರೆ ದೇಶಗಳ ವ್ಯಾಪಾರಿ ಹಡಗುಗಳೂ ಮುಳುಗಿದವು. ಬಂದರಿನಲ್ಲಿ ಕೂಲಿ ಮಾಡುತ್ತಿದ್ದವರು, ಆ ಹಡಗುಗಳಲ್ಲಿ ಅಡುಗೆ ಮಾಡುತ್ತಿದ್ದವರು ನಮ್ಮ ಪಠ್ಯದಲ್ಲಿ ಒಂದು ಸಾಲನ್ನೂ ಪಡೆದಿಲ್ಲ. ಕಡಲನ್ನು ನಂಬಿದ ಊರಿನವರಾದ ನಮಗೆ ಇದು ಹೊಳೆಯಬೇಕಿತ್ತು.

ಈಗ ನಕಾಶೆಯಲ್ಲಿ ನಮ್ಮ ಕರಾವಳಿಯನ್ನು ನೋಡಿ. ದಕ್ಷಿಣಕ್ಕೆ ಸುರತ್ಕಲ್ ಬಳಿ ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್, ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯ. ಅದರ ಹತ್ತಿರವೇ ಬಂಡೆಯೊಳಗೆ 15 ಲಕ್ಷ ಟನ್ ಕಚ್ಚಾ ತೈಲದ ಸಂಗ್ರಹ. ನಮ್ಮದೇ ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್. ದೇಶ ಆಪತ್ಕಾಲಕ್ಕೆಂದು ಇಟ್ಟುಕೊಂಡ ಭೂಗತ ತೈಲದಲ್ಲಿ ಮುಕ್ಕಾಲು ಪಾಲು ಈ ಎರಡು ಜಾಗಗಳಲ್ಲಿದೆ. ಎಣ್ಣೆ ಬಂಡೆಯ ಕೆಳಗಿದ್ದರೂ ಪೈಪ್‌ಲೈನು, ಪಂಪು, ಕೆಲಸಗಾರರು ನೆಲದ ಮೇಲೇ ಇದ್ದಾರೆ. ಉತ್ತರಕ್ಕೆ ಕೈಗಾ ಅಣು ವಿದ್ಯುತ್ ಸ್ಥಾವರ. ನಾವು ಇವೆರಡರ ನಡುವೆ ಬದುಕುವವರು.

ಇವುಗಳ ನಡುವೆ ಒಂದು ವ್ಯತ್ಯಾಸವಿದೆ. ಕೈಗಾಕ್ಕೆ ಕಾಗದದ ರಕ್ಷಣೆ ಇದೆ. 1988ರ ಡಿಸೆಂಬರ್ 31ರಂದು ಭಾರತ ಮತ್ತು ಪಾಕಿಸ್ತಾನ ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶ ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ಕೊಟ್ಟು ತೆಗೆದುಕೊಳ್ಳುತ್ತವೆ. ಕಾರ್ಗಿಲ್ ಆದ ಮೇಲೂ ಇದು ನಿಲ್ಲಲಿಲ್ಲ, ಮುಂಬೈ ದಾಳಿ ಆದ ಮೇಲೂ ನಿಲ್ಲಲಿಲ್ಲ. ಮಾತುಕತೆ, ಕ್ರಿಕೆಟ್, ಬಸ್ಸು ಎಲ್ಲ ನಿಂತಾಗಲೂ ಆ ಒಂದು ಹಾಳೆ ಮಾತ್ರ ಗಡಿ ದಾಟುತ್ತದೆ. ಎಂಆರ್‌ಪಿಎಲ್‌ಗೆ, ಪಾದೂರಿಗೆ, ಕರಾಚಿಯ ರಿಫೈನರಿಗಳಿಗೆ, ಜಾಮ್‌ನಗರಕ್ಕೆ ಅಂಥ ಹಾಳೆ ಇಲ್ಲ. ಪಾಕಿಸ್ತಾನದ ಸೇನಾ ಮುಖ್ಯಸ್ಥರು ಮುಂದಿನ ಯುದ್ಧದಲ್ಲಿ ಜಾಮ್‌ನಗರ ರಿಫೈನರಿಯನ್ನು ಗುರಿ ಮಾಡುವ ಸೂಚನೆ ಕೊಟ್ಟರೆಂದು 2025ರ ಆಗಸ್ಟ್‌ನಲ್ಲಿ ಪತ್ರಿಕೆಗಳು ವರದಿ ಮಾಡಿದವು. ನಮ್ಮ ಸ್ಟುಡಿಯೋಗಳು ಕರಾಚಿಯನ್ನು ಮತ್ತೆ ಸುಡುವ ಉತ್ತರ ಕೊಟ್ಟವು. ಇಬ್ಬರೂ ಒಂದೇ ಭಾಷೆ ಮಾತಾಡುತ್ತಿದ್ದಾರೆ.

ಅಂತರರಾಷ್ಟ್ರೀಯ ಕಾನೂನಿನಲ್ಲೂ ಇದೇ ಬಿರುಕು. ಆ 1977ರ ಪ್ರೋಟೋಕಾಲಿನ 56ನೇ ವಿಧಿ ಅಪಾಯಕಾರಿ ಶಕ್ತಿ ಅಡಗಿರುವ ಸ್ಥಾವರಗಳಿಗೆ ವಿಶೇಷ ರಕ್ಷಣೆ ಕೊಡುತ್ತದೆ. ಆದರೆ ಹೆಸರಿಸಿದ್ದು ಮೂರನ್ನೇ: ಅಣೆಕಟ್ಟು, ಒಡ್ಡು, ಅಣು ವಿದ್ಯುತ್ ಸ್ಥಾವರ. ರಿಫೈನರಿ ಆ ಪಟ್ಟಿಯಲ್ಲಿಲ್ಲ. ಭಾರತ ಈ ಪ್ರೋಟೋಕಾಲನ್ನು ಇವತ್ತಿಗೂ ಒಪ್ಪಿಲ್ಲ. ಅಮೆರಿಕ, ಇಸ್ರೇಲ್, ಇರಾನ್, ಪಾಕಿಸ್ತಾನವೂ ಅನುಮೋದಿಸಿಲ್ಲ. ಎಣ್ಣೆಯ ಮೇಲೆ ಕುಳಿತವರೂ ಅದಕ್ಕೆ ಬೆಂಕಿ ಇಡಬಲ್ಲವರೂ ಒಟ್ಟಾಗಿ ಹೊರಗೆ ನಿಂತಿದ್ದಾರೆ.

ಹಾಗಾದರೆ ಬೇಕಾದದ್ದೇನು? ಮೊದಲನೆಯದು, 1988ರ ಒಪ್ಪಂದವನ್ನು ರಿಫೈನರಿ, ತೈಲ ಸಂಗ್ರಹಾಗಾರ, ಎಲ್‌ಪಿಜಿ ಸ್ಥಾವರಗಳಿಗೆ ವಿಸ್ತರಿಸುವ ಪ್ರಸ್ತಾಪವನ್ನು ಭಾರತವೇ ಇಡಲಿ. ಇದು ಕನಸಲ್ಲ, ಇರುವ ಹಾಳೆಗೆ ಇನ್ನೊಂದು ಪುಟ. ಕಳೆದುಕೊಳ್ಳಲು ನಮ್ಮ ಬಳಿ ಪಾಕಿಸ್ತಾನಕ್ಕಿಂತ ಹೆಚ್ಚು ರಿಫೈನರಿಗಳಿವೆ, ಹಾಗಾಗಿ ಲಾಭವೂ ನಮಗೇ ಹೆಚ್ಚು. ಉಡುಪಿ, ದಕ್ಷಿಣ ಕನ್ನಡದ ಸಂಸದರು ಕೇಳಬೇಕಾದ ಪ್ರಶ್ನೆ ಇದು.

ಎರಡನೆಯದು, ಗಲ್ಫಿನ ತೈಲ ಸ್ಥಾವರಗಳಲ್ಲಿ ಗುತ್ತಿಗೆಯಲ್ಲಿ ದುಡಿಯುವ ಭಾರತೀಯರ ಹೆಸರು ಯಾವ ಸ್ಥಾವರದಲ್ಲಿ, ಯಾವ ಅವಧಿಗೆ ಎಂಬುದರ ಸಮೇತ ನಮ್ಮ ದೂತಾವಾಸಗಳಲ್ಲಿರಬೇಕು. ವಿದೇಶಕ್ಕೆ ಹೋಗುವ ಕಾರ್ಮಿಕರಿಗೆಂದು ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ, ಅಪಘಾತದ ಸಾವಿಗೆ 10 ಲಕ್ಷ ರೂಪಾಯಿ. ವಿಸಿಟ್ ವೀಸಾದಲ್ಲಿ ಶಟ್‌ಡೌನ್ ಕೆಲಸಕ್ಕೆ ಹಾರುವ ಹುಡುಗ ಅದರ ಹೊರಗೇ ಉಳಿಯುತ್ತಾನೆ. ಅವನನ್ನು ಒಳಗೆ ತರಬೇಕು, ಯುದ್ಧದ ಸಾವಿಗೂ ವಿಮೆ ಸಲ್ಲುತ್ತದೆ ಎಂದು ಸ್ಪಷ್ಟ ಅಕ್ಷರದಲ್ಲಿ ಬರೆಯಬೇಕು.

ಮೂರನೆಯದು, ಸುರತ್ಕಲ್, ಜೋಕಟ್ಟೆ, ಪಾದೂರಿನ ಮನೆಗಳಿಗೆ ಒಂದು ನಿಜವಾದ ಉತ್ತರ ಬೇಕು. ರಾತ್ರಿ ಎರಡು ಗಂಟೆಗೆ ಸೈರನ್ ಕೂಗಿದರೆ ಯಾವ ದಾರಿಯಲ್ಲಿ, ಯಾವ ಗಾಳಿಗೆ ಎದುರಾಗಿ ಓಡಬೇಕು? ರಾಸಾಯನಿಕ ಅಪಘಾತಗಳ ಕುರಿತ 1996ರ ನಿಯಮಗಳ ಪ್ರಕಾರ ಬೇಲಿಯ ಹೊರಗಿನ ಜನರಿಗೂ ತುರ್ತು ಯೋಜನೆ ಇರಬೇಕು. ಯೋಜನೆ ಜಿಲ್ಲಾಧಿಕಾರಿಯ ಕಪಾಟಿನಲ್ಲಿದ್ದರೆ ಸಾಲದು, ಕನ್ನಡದಲ್ಲೂ ತುಳುವಿನಲ್ಲೂ ಬ್ಯಾರಿಯಲ್ಲೂ ಪಂಚಾಯಿತಿ ಗೋಡೆಯ ಮೇಲಿರಬೇಕು. ದೇಶದ ಆಪತ್ಕಾಲಕ್ಕೆಂದು ತಮ್ಮ ಬಂಡೆ, ಗದ್ದೆ, ಬಾವಿ ಬಿಟ್ಟುಕೊಟ್ಟವರಿಗೆ ತಮ್ಮ ಆಪತ್ಕಾಲದಲ್ಲಿ ಏನು ಮಾಡಬೇಕೆಂದು ತಿಳಿಯುವ ಹಕ್ಕಿದೆ.

ಇಷ್ಟನ್ನು ಸರ್ಕಾರಗಳಿಂದ ಕೇಳುವ ಮೊದಲು ನಾವೇ ಮಾಡಬಹುದಾದ್ದು ಒಂದಿದೆ. ಮುಂದಿನ ಸಲ ಟಿವಿಯಲ್ಲಿ ಆ ಕಪ್ಪು ಹೊಗೆ ಕಂಡಾಗ, ಅದು ಯಾವ ದೇಶದ್ದೇ ಆಗಿರಲಿ, ಯಾರು ಹೊಡೆದದ್ದೇ ಆಗಿರಲಿ, ಪೆಟ್ರೋಲ್ ರೇಟು ಕೇಳುವ ಮೊದಲು ಕೇಳಿ: ಅಲ್ಲಿ ಆಗ ಯಾವ ಪಾಳಿ ನಡೆಯುತ್ತಿತ್ತು? ಎಷ್ಟು ಜನರಿದ್ದರು? ಹೊರಗೆ ಬಂದವರೆಷ್ಟು? ವಾಹಿನಿಗಳಿಗೆ ಬರೆದು ಕೇಳಿ, ಪತ್ರಿಕೆಗಳಿಗೆ ಬರೆದು ಕೇಳಿ, ಮತ ಕೇಳಲು ಬಂದವರಲ್ಲಿ ಕೇಳಿ. ಆ ಸಂಖ್ಯೆ ಗೊತ್ತಿಲ್ಲದೆ ದಾಳಿ ಯಶಸ್ವಿ ಎಂದು ಹೇಳುವ ಸುದ್ದಿಯನ್ನು ಸುದ್ದಿಯೆಂದು ಒಪ್ಪಬೇಡಿ.